ಪವರ್‌ಹೌಸ್ ಧರ್ಮಪ್ಪನವರ ಕಂಪ್ಯೂಟರ್ ಪಾಠ

ಜೋಗದ ಪವರ್‌ಹೌಸಿನಿಂದ ನಿವೃತ್ತರಾದ ಧರ್ಮಪ್ಪನವರು ಆನ್‌ಲೈನ್ ಕಾಲೇಜಿನ ಕಂಪ್ಯೂಟರ್ ಪಾಠಕ್ಕೆ ಕೂರುವುದೆಂದರೆ ಹೆಂಡತಿ ವರದಮ್ಮನಿಗೆ ದಿನವೂ ಒಂದು ತಮಾಷೆ. ಇಸ್ತ್ರಿ ಮಾಡಿದ ಹಳೆಯ ಖಾಕಿ ಅಂಗಿಯನ್ನೇ ತೊಡುತ್ತಾರೆ. ಪರದೆ ಪೂರ್ತಿ ಬೆಳಗುವವರೆಗೆ ಟರ್ಬೈನಿನ ಮುಂದೆ ನಿಂತಂತೆ ನಿಂತೇ ಇರುತ್ತಾರೆ. ಅದು ಬಂದ್ ಆಗುವಾಗಲೂ ಬಿಟ್ಟು ಕದಲುವುದಿಲ್ಲ. "ಒಳಗೆ ಎಲ್ಲಾನೂ ನಡೆಸೋ ಆಪರೇಟಿಂಗ್ ಸಿಸ್ಟಂ ಒಂದೊಂದು ಪ್ರೋಗ್ರಾಮಿನ ಕೆಲ್ಸಾನೂ ಮುಗ್ಸಿ ಕಳಿಸ್ತಾ ಇದೆ ಮಾರಾಯ್ತಿ, ಪಾಳಿ ಬಿಡೋ ಹೊತ್ತು," ಎಂದು ದೇವರ ಮುಂದೆ ನಿಂತವರಂತೆ ಪಿಸುಗುಡುತ್ತಾರೆ. ಮೊನ್ನೆ ಪರದೆಯೊಳಗಿನ ಮೇಷ್ಟ್ರು ಹೇಳಿದರು: "ಆಪರೇಟಿಂಗ್ ಸಿಸ್ಟಂ ಚೆನ್ನಾಗಿ ನಡೆಯುವಷ್ಟು ಕಾಲ ಯಾರಿಗೂ ಅದರ ನೆನಪೇ ಇರುವುದಿಲ್ಲ. ಕೆಟ್ಟಾಗ ಮಾತ್ರ ಎಲ್ಲರೂ ಬೈಯುತ್ತಾರೆ." ಧರ್ಮಪ್ಪನವರು ಪಾಠ ನಿಲ್ಲಿಸಿ ಅದನ್ನೇ ಮತ್ತೆ ಕೇಳಿದರು, ಮತ್ತೂ ಕೇಳಿದರು. ಬಾಗಿಲಲ್ಲಿದ್ದ ವರದಮ್ಮನ ನಗು ನಿಂತಿತು. ದೀಪ ಹೋದಾಗಲೆಲ್ಲ "ಹೋಯ್ತು ನೋಡಿ, ನಿಮ್ ಕರೆಂಟು!" ಎಂದು ಜೀವಮಾನವಿಡೀ ಗಂಡನನ್ನು ಹಂಗಿಸಿದವಳು ಆಕೆ. ಹೊರಗೆ ಮುಸ್ಸಂಜೆಯಾಗಿತ್ತು. ಕೋಣೆಯ ದೀಪ ಹಾಕಿ, ಅದನ್ನು ಮೊದಲ ಸಲ ಕಂಡವಳಂತೆ ನೋಡುತ್ತ ಮೆಲ್ಲಗೆ ಅಂದಳು: "ಇದೆ ನೋಡಿ, ನಿಮ್ ಕರೆಂಟು."