ಬಲರೆಕ್ಕೆಯ ಗರಿ

ಕಳೆದ ವಾರ ಈ ಅಂಕಣ ಬರಲಿಲ್ಲ. ಏಕೆಂದು ಕೇಳಿ ನಾಲ್ಕು ಕಾರ್ಡು ಬಂದಿವೆ. (ಐದನೆಯದು ‘ಬಾರದ್ದು ಒಳ್ಳೆಯದಾಯಿತು’ ಎಂದಿದೆ.) ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡೆ. ಮಣಿಪಾಲದ ಡಾಕ್ಟರು ಪ್ಲಾಸ್ಟರ್ ಹಾಕಿ, “ಆರು ವಾರ ಬರೆಯುವುದು ಬೇಡ” ಎಂದರು.

ಆರು ವಾರ! ಮೂವತ್ತು ವರ್ಷ ಶಾಲೆಯ ಗಂಟೆ ತಪ್ಪಿಸದವನು ನಾನು. ಇನ್ನೊಂದು ವಾರ ತಪ್ಪಿದರೆ ಸಂಪಾದಕರು ಈ ಜಾಗಕ್ಕೆ ಪದಬಂಧ ಹಾಕುವವರಿದ್ದರು. ಹೇಳಿ ಬರೆಸೋಣವೆಂದರೆ ಹೆಂಡತಿ ನಡುವೆ ತಿದ್ದುತ್ತಾಳೆ. ಉಳಿದದ್ದು ಎಡಗೈ.

ಎಡಗೈಯಲ್ಲಿ ಬಾಲ್‌ಪೆನ್ನು ಒತ್ತಲು ಬಲ ಸಾಲಲಿಲ್ಲ. ಇಂಕ್ ಪೆನ್ನಿನ ನಿಬ್ಬು ಕಾಗದವನ್ನೇ ಹರಿದುಹಾಕಿತು. ಆಗ ನೆನಪಾದವಳು ಕಾಪುವಿನ ಲೀಲಾ, ನನ್ನ ಹಳೆಯ ವಿದ್ಯಾರ್ಥಿನಿ. ಹಕ್ಕಿಯ ಗರಿಯಿಂದ ಲೇಖನಿ ಮಾಡಿ, ಅದರಲ್ಲೇ ಮಾನಪತ್ರ ಬರೆದುಕೊಡುತ್ತಾಳೆ. ನಾನು ನಿವೃತ್ತನಾದಾಗ ಕೊಟ್ಟ ಮಾನಪತ್ರವೂ ಅವಳದ್ದೇ; ಫ್ರೇಮ್ ಹಾಕಿಸಿ ಗೋಡೆಯಲ್ಲಿಟ್ಟಿದ್ದೇನೆ. ಬಂದವರಿಗೆಲ್ಲ ತೋರಿಸಿ, “ಇವಳು ಎಡಚಿಯಾಗಿದ್ದಳು. ಅಡಿಕೋಲು ಹಿಡಿದು ಬಲಗೈಗೆ ತಂದವನು ನಾನು” ಎನ್ನುತ್ತಿದ್ದೆ.

ಕಾಪುವಿನ ಬಸ್ಸು ಹತ್ತಿದೆ.

“ಎಂತ ಸಾರ್, ನಿಮಗೂ ಪೆಟ್ಟು ಬೀಳ್ತದಾ?” ಎಂದಳು ಲೀಲಾ. ವಿಷಯ ಹೇಳಿದೆ.

ಹೆಬ್ಬಾತಿನ ಗರಿಗಳ ಡಬ್ಬ ತೆರೆದಳು. (ಎರ್ಮಾಳಿನ ಒಂದು ಮನೆಯಲ್ಲಿ ಉದುರಿದ್ದನ್ನು ಹೆಕ್ಕಿ ತರುತ್ತಾಳೆ.) ನಾನು ಮೇಲಿನದೊಂದನ್ನು ಎತ್ತಿದೆ.

“ಅದು ಎಡರೆಕ್ಕೆಯದ್ದು ಸಾರ್, ಬಲಗೈಯವರಿಗೆ. ನೀವು ಎಡಗೈಯಲ್ಲಿ ಹಿಡಿದರೆ ಕಣ್ಣಿಗೇ ಬಾಗ್ತದೆ. ನಿಮಗೆ ಬಲರೆಕ್ಕೆಯದ್ದೇ ಆಗಬೇಕು.”

ಅಂಥವು ಬೇರೆ ಕಟ್ಟಾಗಿಯೇ ಇದ್ದವು. ಯಾರಿಗಾಗಿ? ಆಗ ಕೇಳಲು ತೋಚಲಿಲ್ಲ.

ನೆನೆಸಿಟ್ಟ ಗರಿಯೊಂದನ್ನು ಒರೆಸಿದಳು. ಬಾಣಲೆಯಲ್ಲಿ ಹೊಯ್ಗೆ, ಅಂದರೆ ಮರಳು, ಕಾಯುತ್ತಿತ್ತು. ಹದ ತಿಳಿಯುವುದು ಹೇಗೆ? ಒಂದು ನೆಲಕಡಲೆ ಹಾಕಿದಳು. ಅದು ಘಮ್ಮೆಂದಾಗ ಗರಿಯ ಬುಡವನ್ನು ಬಿಸಿ ಹೊಯ್ಗೆಯೊಳಗೆ ಇಳಿಸಿದಳು. ಹಾಲಿನ ಬಣ್ಣದ ಬುಡ ಗಾಜಿನಂತೆ ತಿಳಿಯಾಗಿ, ಗಟ್ಟಿಯಾಗಿ ಹೊರಬಂತು. (ಕಡಲೆ ನನಗೆ ಸಿಕ್ಕಿತು.) ಓರೆಯಾಗಿ ಒಂದು ಕೊಯ್ತ, ನಡುವೆ ಕೂದಲೆಳೆಯಷ್ಟು ಸೀಳು, ತುದಿಗೆ ಇನ್ನೊಂದು ಕೊಯ್ತ. ಒಂದು ಕಡೆಯೂ ಕೈ ತಡವರಿಸಲಿಲ್ಲ. ಇಂಥ ಅಚ್ಚುಕಟ್ಟನ್ನು ನಾನು ಶಾಲೆಯಲ್ಲಿ ಬಾಯಲ್ಲಿ ಹೇಳಿದ್ದೇ ಹೊರತು ಕೈಯಲ್ಲಿ ಮಾಡಿ ತೋರಿಸಿದ್ದುಂಟೇ?

ಆಮೇಲೆ ಗಮನಿಸಿದೆ: ಚೂರಿ ಎಡಗೈಯಲ್ಲಿತ್ತು.

ಅದೇ ಕೈಯಲ್ಲಿ ಗರಿಯನ್ನು ಮಸಿಗೆ ಅದ್ದಿ, ‘ಶ್ರೀ’ ಎಂದು ಬರೆದಳು. ನನ್ನ ಗೋಡೆಯ ಮೇಲಿರುವ ಅದೇ ಶ್ರೀ, ಅದೇ ಬಳುಕು.

“ಲೀಲಾ, ನನ್ನ ಮಾನಪತ್ರ...?”

“ಎಡಗೈಯಲ್ಲೇ ಸಾರ್. ನಿಮ್ಮ ಕ್ಲಾಸಿನಲ್ಲಿ ಮಾತ್ರ ಬಲಗೈ.” ನಕ್ಕಳು. “ಈಗ ನೀವು ಹಿಡಿಯಿರಿ. ಬೆರಳು ಬಿಗಿ ಮಾಡಬೇಡಿ ಮಾರಾಯ್ರೆ! ಅಡಿಕೋಲು ತರಲಾ?”

ಬೆರಳು ಸಡಿಲಿಸಿದೆ. ಮೊದಲ ದಿನ ಒಂದನೇ ಕ್ಲಾಸಿನ ಅಕ್ಷರ, ನಾಲ್ಕನೆಯ ದಿನ ಈ ಲೇಖನ. ಪದಬಂಧಕ್ಕೆ ಜಾಗ ಸಿಗಲಿಲ್ಲ.

‘ಕೈಹಿಡಿದು ಅಕ್ಷರ ಬರೆಯಿಸಿದ ಗುರುಗಳಿಗೆ’ ಎಂಬುದು ನನ್ನ ಮಾನಪತ್ರದ ಮೊದಲ ಸಾಲು. ಯಾವ ಕೈ ಎಂದು ಬರೆಯದೆ ನನ್ನ ಮಾನ ಉಳಿಸಿದ್ದಾಳೆ, ಅಲ್ವಾ?