ತಾಯಪ್ಪನ ಅಪೀಲು

ಹೊಟ್ಟೆಪಾಡಿಗೆ ಮರಾಠಿ ನಾಡಿಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಮಾನಮ್ಮ, ಗಂಡ ತಾಯಪ್ಪನ ಬಗ್ಗೆ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: “ಅವರಿಗೇನೂ ಗೊತ್ತಿರಲಿಲ್ರಿ. ಮಾಲು ಮಾಲಕಂದು, ಅವರು ಗಾಡಿ ಹೊಡದವರಷ್ಟ.”

ತಾಯಪ್ಪ ಓಡಿಸುತ್ತಿದ್ದ ಮಾಲಕನ ಟೆಂಪೋದಲ್ಲಿ ಉಳ್ಳಾಗಡ್ಡಿ ಚೀಲಗಳ ಕೆಳಗೆ ಗಾಂಜಾ ಸಿಕ್ಕಿತ್ತು. ಪೊಲೀಸರು ಅವನನ್ನು ಮಾಲಕನ ಟೋಳಿಯವನೆಂದು, ಅಂದರೆ ಗ್ಯಾಂಗಿನವನೆಂದು ಸೇರಿಸಿ, ಸಂಘಟಿತ ಅಪರಾಧದ ಕಾಯ್ದೆಯನ್ನೂ ಹಚ್ಚಿದರು. ಆ ಕಾಯ್ದೆಯಲ್ಲಿ ದೊಡ್ಡ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷಿಯೇ. ಮರಾಠಿ ಓದಲು ಬಾರದ ತಾಯಪ್ಪ, ಹೊಡೆತ ತಾಳದೆ ಮರಾಠಿಯ ತಪ್ಪೊಪ್ಪಿಗೆ ಹಾಳೆಗೆ ಸಹಿ ಹಾಕಿದ್ದ. ಗಾಂಜಾದ ಒಳಸಂಚಿಗೆ ಹತ್ತು ವರ್ಷ, ಟೋಳಿಯಲ್ಲಿದ್ದುದಕ್ಕೆ ಹತ್ತು ವರ್ಷ ಶಿಕ್ಷೆಯಾಯಿತು.

ಮುಂಬೈ ಹೈಕೋರ್ಟಿನಲ್ಲಿ ಅಪೀಲು ನಡೆಸಿದವನು ತುಮಕೂರು ಕಡೆಯ ತರುಣ ವಕೀಲ ಅಭಿಲಾಷ. “ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾರನ್ನೂ ಬಲವಂತ ಮಾಡೋ ಹಾಗಿಲ್ಲ. ಸಂವಿಧಾನದಲ್ಲೇ ಇದೆ ಅಮ್ಮ,” ಎಂದಿದ್ದ. ಮಾನಮ್ಮ ಆ ಮಾತನ್ನೇ ನಂಬಿಕೊಂಡು ದಿನ ದೂಡಿದಳು.

ತೀರ್ಪಿನ ದಿನ ಇಂಗ್ಲಿಷಿನಲ್ಲಿ ಏನೇನೋ ಓದಿದರು. ಹೊರಗೆ ಬಂದ ಅಭಿಲಾಷನ ಮುಖ ಅರಳಿತ್ತು. “ನಮ್ಮ ಪಾಯಿಂಟ್ ಒಪ್ಕೊಂಡ್ರು ಅಮ್ಮ! ಆ ತಪ್ಪೊಪ್ಪಿಗೆ ಬಿದ್ದುಹೋಯ್ತು. ಟೋಳಿ ಕೇಸ್ ಕ್ಯಾನ್ಸಲ್.”

“ಹಂಗಾರ ಯಾವಾಗ ಬಿಡ್ತಾರ್ರಿ?”

ಅವನ ಧ್ವನಿ ಇಳಿಯಿತು. ಗಾಂಜಾದ ಕೇಸು ಹಾಗೇ ಉಳಿದಿತ್ತು. ತಾಯಪ್ಪನ ಫೋನಿನಿಂದ ಮಾಲಕನಿಗೆ ಹೋದ ಮೆಸೇಜುಗಳೇ ಅದಕ್ಕೆ ಸಾಕು ಎಂದಿತ್ತು ಕೋರ್ಟು. ಎರಡೂ ಶಿಕ್ಷೆ ಜೊತೆಜೊತೆಗೇ ನಡೆಯುತ್ತಿದ್ದವು. ಒಂದು ರದ್ದಾದರೂ ಜೈಲುವಾಸ ಒಂದು ದಿನವೂ ತಗ್ಗಲಿಲ್ಲ.

“ಮುಂದೆ ಬೇರೆಯವರಿಗೆ ಈ ತೀರ್ಪಿಂದ ಉಪಯೋಗ...” ಎಂದವನು ಅವಳ ಮುಖ ನೋಡಿ ಫೈಲು ಮಡಚಿಕೊಂಡ.

ಯೆರವಡಾ ಜೈಲಿನಲ್ಲಿ, ಭೇಟಿಗೆ ಬಿಡುವ ಮುಲಾಕಾತಿನ ದಿನ, ಗಾಜಿನಾಚೆ ಕೂತ ತಾಯಪ್ಪ ಫೋನು ಕಿವಿಗಿಟ್ಟು ಎಲ್ಲ ಕೇಳಿದ.

“ಸುಪ್ರೀಂ ಕೋರ್ಟಿಗೆ ಹೋಗೂಣ್ರಿ,” ಎಂದಳು ಮಾನಮ್ಮ. “ನಿಮಗ ಗೊತ್ತಿರಲಿಲ್ಲಂತ ಅವರರ ತಿಳಕೋತಾರ.”

“ಬ್ಯಾಡ. ಹೊಡದು ಸಹಿ ಹಾಕಿಸಿದ್ದು ಖರೇನ. ಆದರ ಚೀಲದ ಕೆಳಗ ಏನದ ಅಂತ ನನಗ ಗೊತ್ತಿತ್ತು. ಅದೂ ಖರೇನ.”

ಅವನಿಗೇನೂ ಗೊತ್ತಿರಲಿಲ್ಲವೆಂದು ಅವಳು ಅತ್ತೆಯ ಮುಂದೆ, ಯಾರ್ಡಿನ ಹೆಣ್ಣುಮಕ್ಕಳ ಮುಂದೆ, ಮಗಳ ತಲೆ ಮುಟ್ಟಿ ಕೂಡ ಆಣೆ ಮಾಡಿದ್ದಳು.

“ನನಗರ ಒಂದ್ ಮಾತು ಹೇಳಬಾರದಾಗಿತ್ತಾ?”

“ನನ್ನ ನಂಬಿದಾಕಿ ನೀ ಒಬ್ಬಾಕಿನ ಇದ್ದಿ. ಹೆಂಗ ಹೇಳ್ಲಿ?”

ಅಷ್ಟರಲ್ಲಿ ಹೊತ್ತಾಯಿತೆಂದು ಸಿಪಾಯಿ ಅವನನ್ನು ಎಬ್ಬಿಸಿದ.

ಮಾನಮ್ಮ ಈಗಲೂ ಮುಲಾಕಾತು ತಪ್ಪಿಸುವುದಿಲ್ಲ. ಮಗಳ ಸಾಲಿಯ ಸುದ್ದಿ, ಅತ್ತೆಯ ಕೆಮ್ಮು, ಎಲ್ಲ ಹೇಳುತ್ತಾಳೆ. ಅವನ ಮುಖವೊಂದನ್ನು ಮಾತ್ರ ನೋಡುವುದಿಲ್ಲ.