ಮುದ್ದಕ್ಕನ ತಲೆಗೆ ಕಟ್ಟಿದ ಬೂಷ್ಟು

ಪರಶುರಾಂಪುರದ ಮುದ್ದಕ್ಕನ ಅಂಗಳಕ್ಕೆ ಮೂಡಿಗೆರೆ ಕಡೆಯ ವಿಶ್ವನಾಥ್ ಬಂದು ನಿಂತಾಗ ಅವಳು 'ಬರ್ರಿ' ಎಂದಳೇ ಹೊರತು 'ಕೂತ್ಕಳ್ರಿ' ಎನ್ನಲಿಲ್ಲ. ಎರಡು ವರ್ಷದ ಸಿಟ್ಟು ಅದು.

ವಿಶ್ವನಾಥನದು ನಾಲ್ಕೇ ಎಕರೆ ತೋಟ. ಆದರೆ ಕಾಫಿ ಅಂತಿಂಥದ್ದಲ್ಲ. ಕೆಂಪಗೆ ಮಾಗಿದ ಹಣ್ಣನ್ನೇ ಆರಿಸಿ ಬಿಡಿಸಬೇಕು. ಬಲೆ ಬಿಗಿದ ಮಂಚದ ಮೇಲೆ ತೆಳ್ಳಗೆ ಹರಡಿ, ಗಂಟೆಗೊಮ್ಮೆ ಕೈಯಾಡಿಸುತ್ತ, ಸಿಪ್ಪೆ ಸಮೇತ ಮೂರು ವಾರ ಒಣಗಿಸಬೇಕು. ಮುದ್ದಕ್ಕ ಊರಿನ ಎಂಟು ಹೆಂಗಸರನ್ನು ಕಟ್ಟಿಕೊಂಡು ಹೋಗಿ ಆರು ಕೊಯ್ಲು ಮುಗಿಸಿಕೊಟ್ಟವಳು. ಹುಟ್ಟಿದಾಗಿನಿಂದ ಶೇಂಗಾ ಒಣಗಿಸಿದ ಕೈ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕಾಳು ಗಲಗಲ ಎಂದರೆ ಮಾತ್ರ ಚೀಲಕ್ಕೆ. ಕಾಫಿಗೂ ಹಾಗೆಯೇ ಮಾಡುತ್ತಿದ್ದಳು.

ಎರಡು ವರ್ಷದ ಹಿಂದೆ, ಆರನೇ ಕೊಯ್ಲಿನಲ್ಲಿ, ಮೋಡ ಕಟ್ಟಿತೆಂದು ವಿಶ್ವನಾಥನಿಗೆ ಅವಸರ. ಮೊದಲು ಹರಡಿದ ಮಂಚದಿಂದ ಒಂದು ಹಿಡಿ ಹಣ್ಣನ್ನು ತೇವ ನೋಡುವ ಮಿಷಿನ್ನಿಗೆ ಹಾಕಿ, "ಆಯ್ತು, ಎಲ್ಲಾ ಚೀಲಕ್ಕೆ ತುಂಬಿ" ಎಂದ.

"ಆಮೇಲೆ ಹರಡಿದವು ಇನ್ನ ಒಣಗಿಲ್ಲ ಸಾವ್ಕಾರ್ರೇ. ಸದ್ದೇ ಬರ್ತಿಲ್ಲ, ಕೇಳ್ರಿ" ಎಂದಳು ಮುದ್ದಕ್ಕ.

"ಶೇಂಗಾ ಸೀಮೆಯೋರು ನಮಗೆ ಕಾಫಿ ಹೇಳಿಕೊಡ್ತೀರಾ?" ಎಂದು ನಕ್ಕ. ಅದೂ ಅಷ್ಟೂ ಹೆಂಗಸರ ಎದುರಿಗೆ.

ತಿಂಗಳೊಳಗೆ ಚೀಲಕ್ಕೆ ಚೀಲವೇ ಬೂಷ್ಟು. ಆ ನಗುವನ್ನಾದರೂ ಅವಳು ಮರೆಯುತ್ತಿದ್ದಳೇನೋ. ಆದರೆ ಬಯಲುಸೀಮೆಯ ಹೆಂಗಸರು ಸರಿಯಾಗಿ ಕೈಯಾಡಿಸದೆ ಕೆಡಿಸಿದರೆಂದು ಅವನು ಆಸುಪಾಸಿನ ತೋಟಗಳಿಗೆಲ್ಲ ಹೇಳಿಕೊಂಡು ಬಂದ. ಮರುವರ್ಷ ಒಂದು ತೋಟದವರೂ ಇವಳ ಫೋನ್ ಎತ್ತಲಿಲ್ಲ. ಒಂಬತ್ತೂ ಹೆಂಗಸರು ಮನೆಯಲ್ಲೇ ಕೂತರು. ಥೂ, ಅದೂ ಒಂದು ಬಾಯೇ!

ಈಗ ಹೊಸ ಆಳುಗಳು ಹಸಿರು ಕಾಯಿ, ಕೆಂಪು ಹಣ್ಣು ನೋಡದೆ ಒಟ್ಟಿಗೇ ಕಿತ್ತು ಹಾಕುತ್ತಿದ್ದಾರಂತೆ. "ಹಳೇದೆಲ್ಲ ಬಿಡು ಮುದ್ದಕ್ಕ, ಈ ಸಲ ಬಾ" ಎಂದ ವಿಶ್ವನಾಥ್.

"ಬಿಡ್ತೀನಿ. ಮೊದ್ಲು ನಿಮ್ಮ ಪಕ್ಕದ ತೋಟದ ಪಾಲಾಕ್ಷಪ್ಪನೋರಿಗೆ ಫೋನ್ ಮಾಡ್ರಿ. ಕೆಡಿಸಿದ್ದು ಯಾರು ಅಂತ ನನ್ನೆದುರಿಗೇ ಹೇಳ್ರಿ."

ವಿಶ್ವನಾಥ್ ಆಚೀಚೆ ನೋಡಿದ. ಅವಳು ಕದಲಲಿಲ್ಲ. ಕೊನೆಗೆ ಸ್ಪೀಕರ್ ಹಾಕಿ, "ಆವತ್ತು ಮುದ್ದಕ್ಕ ಬೇಡ ಅಂದಿದ್ಲು ಪಾಲಾಕ್ಷ. ನಾನೇ ತುಂಬಿಸಿದ್ದು" ಎಂದು ಗೊಣಗಿದ.

ಆ ಕಡೆಯಿಂದ ಪಾಲಾಕ್ಷಪ್ಪನ ದನಿ ಕೇಳಿತು: "ಹಾಗಾದ್ರೆ ಅವರನ್ನ ನಮ್ಮ ತೋಟಕ್ಕಾದ್ರೂ ಕಳ್ಸಿ ಮಾರಾಯ್ರೇ."

"ಒಂಬತ್ತು ಜನಾನೂ ಬರ್ತೀವಿ ಸಾವ್ಕಾರ್ರೇ" ಎಂದು ಮುದ್ದಕ್ಕ ಫೋನಿನತ್ತ ಕೂಗಿ ಹೇಳಿದಳು.

"ಮತ್ತೆ ನಮ್ಮ ತೋಟ? ಹಳೇದು ಬಿಡ್ತೀನಿ ಅಂದ್ಯಲ್ಲ!" ಎಂದ ವಿಶ್ವನಾಥ್.

"ಬಿಟ್ಟೆ. ನಿಮ್ಮ ತೋಟಾನೂ ಅದ್ರ ಜೊತೇಲೇ ಬಿಟ್ಟೆ."